ಬುರುಡೆ ಬಿಡುವುದಾದರೆ ನೆಟ್ಟಗೆ ಬಿಡಿ

ನಿನ್ನೆ ರಾತ್ರಿಯ ಆಟದ ಸಿಟ್ಟು ನನಗಿನ್ನೂ ಇಳಿದಿಲ್ಲ. ಗುಂಪಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ಏನು ಹಾಕಿದರೂ ಅದರ ಕೆಳಗೆ ನಗುವ ಮುಖಗಳ ಸಾಲು ಬಂದು ಬೀಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗುಂಪಿನ ಅರ್ಧ ಜನ ಇಲ್ಲೂ ಇದ್ದೀರಿ. ದಯವಿಟ್ಟು ಪೂರ್ತಿ ಓದಿ.

ನಮ್ಮ 'ಬುರುಡೆ ನಿಘಂಟು' ಗುಂಪಿನ ಬಗ್ಗೆ ಹಿಂದೆಯೂ ಬರೆದಿದ್ದೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಆ ರಾತ್ರಿ ಆಟ ನಡೆಸುವವರನ್ನು ನಾವು ಭಾಗವತರು ಅನ್ನುತ್ತೇವೆ. ಅವರು ನಿಘಂಟಿನಿಂದ ಯಾರಿಗೂ ಗೊತ್ತಿರದ ಒಂದು ಪದ ಹೆಕ್ಕಿ ವಾಟ್ಸಾಪ್‌ಗೆ ಹಾಕುತ್ತಾರೆ. ಉಳಿದವರು ಅದಕ್ಕೆ ತಮ್ಮ ತಲೆಯಿಂದ ಒಂದು ಅರ್ಥ ಹುಟ್ಟಿಸಿ ಭಾಗವತರಿಗೆ ಮಾತ್ರ ಕಳಿಸುತ್ತಾರೆ. ಅವರು ಅದರ ಜೊತೆ ನಿಜವಾದ ಅರ್ಥವನ್ನೂ ಬೆರೆಸಿ, ನಂಬರ್ ಹಾಕಿ, ಯಾರ ಹೆಸರೂ ಇಲ್ಲದೆ ಗುಂಪಿಗೆ ಬಿಡುತ್ತಾರೆ. ಯಾವುದು ನಿಜ ಅಂತ ಎಲ್ಲರೂ ಓಟು ಹಾಕಬೇಕು. ನಿಜ ಹಿಡಿದವರಿಗೆ ಅಂಕ. ನಿಮ್ಮ ಬುರುಡೆಗೆ ಯಾರಾದರೂ ಬಿದ್ದರೆ, ಬಿದ್ದ ತಲೆಗೊಂದರಂತೆ ನಿಮಗೂ ಅಂಕ. ಪದ ಮೊದಲೇ ಗೊತ್ತಿದ್ದವರು ಹೇಳಿ ಹೊರಗೆ ಕೂರಬೇಕು. ಹೊಸಹಳ್ಳಿಯ ಕಡೆಯವರು ಒಬ್ಬರಿದ್ದಾರೆ, ಗಮಕ ಕೇಳಿಯೇ ಬೆಳೆದವರು. ಒಂದು ಸಲ 'ನೆತ್ತ' ಅಂತ ಹಾಕಿದ ತಕ್ಷಣ "ನನಗೆ ಗೊತ್ತು, ನಾನು ಆಡಲ್ಲ" ಅಂತ ಎದ್ದರು. ಕುಮಾರವ್ಯಾಸನ ಸಭಾಪರ್ವ ಕೇಳಿದವರಿಗೆ ನೆತ್ತ ಅಂದರೆ ಪಗಡೆಯ ಜೂಜು ಅಂತ ಗೊತ್ತಿಲ್ಲದೆ ಇರುತ್ತದೆಯೇ? ಅಷ್ಟು ಪ್ರಾಮಾಣಿಕವಾಗಿ ಆಡುವವರು ನಮ್ಮಲ್ಲಿದ್ದಾರೆ. ಅದೇ ರಾತ್ರಿ ಇನ್ನೊಬ್ಬರು "ಹೊರೆ ಹೊರುವಾಗ ನೆತ್ತಿಯ ಮೇಲೆ ಇಡುವ ಬಟ್ಟೆಯ ಸಿಂಬಿ" ಅಂತ ಬರೆದು ಮುಕ್ಕಾಲು ಗುಂಪನ್ನು ಬೀಳಿಸಿದ್ದರು. ಎಂಥ ಚೆಂದದ ಬುರುಡೆ ಅಲ್ವಾ ಅದು! ಇವತ್ತಿಗೂ ನನಗೆ ನೆತ್ತ ಅಂದರೆ ಮೊದಲು ನೆನಪಾಗುವುದು ಸಿಂಬಿಯೇ.

ನಿನ್ನೆ ನಾನೇ ಭಾಗವತ. ಪದ 'ಬಳ್ಳು'. ಹಳೆಯ ಪದ, ಅರ್ಥ ನರಿ. ಬಳ್ಳಿ ಇದೆ, ಬಳ್ಳ ಇದೆ, ಹಳ್ಳ ಇದೆ. ಮನಸ್ಸು ತಾನಾಗಿ ಆ ಕಡೆಗೇ ಹೋಗುತ್ತದೆ. ನರಿಯ ಕಡೆಗೆ ಯಾರ ಮನಸ್ಸೂ ಹೋಗುವುದಿಲ್ಲ. ಇಂಥ ಪದ ಸಿಗುವುದು ಕಷ್ಟ. ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದ ಇವೆ ಅನ್ನುತ್ತಾರೆ. ಆದರೆ ಆಟಕ್ಕೆ ಒದಗುವ ಪದಕ್ಕೆ ಪುಟಗಟ್ಟಲೆ ತಿರುವಬೇಕು.

ಸರಿ, ಅರ್ಥಗಳು ಬಂದವು. ಮೊದಲನೆಯದು: "ಹೆಂಡತಿಯ ಫೋನ್ ಬಂದಾಗ ಗಂಡನ ಹೊಟ್ಟೆಯಲ್ಲಿ ಆಗುವ ಸದ್ದು." ಎರಡನೆಯದು: "ಬಸ್ಸಿನಲ್ಲಿ ಸೀಟು ಸಿಗದವನು ಸೀಟು ಸಿಕ್ಕವನನ್ನು ನೋಡುವ ನೋಟ." ಮೂರನೆಯದರಲ್ಲಿ ಒಬ್ಬ ರಾಜಕಾರಣಿಯ ಹೆಸರಿತ್ತು, ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಇದು ಬುರುಡೆಯಾ? ಇದನ್ನು ಯಾವ ನಿಘಂಟು ಬರೆಯುತ್ತದೆ? ಯಾರು ನಂಬುತ್ತಾರೆ? ನಂಬಿಸಬೇಕು ಅನ್ನುವ ಆಸೆಯೇ ಇಲ್ಲದೆ ಬರೆದದ್ದು ಬುರುಡೆ ಹೇಗಾಗುತ್ತದೆ?

ಆಮೇಲೆ ಹೊಸನಗರದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಅವರಿಗೆ ಮೊಬೈಲಿನಲ್ಲಿ ಕನ್ನಡ ಒತ್ತುವುದು ಕಷ್ಟ, ಬೆರಳು ನೋಯುತ್ತದೆ. ಮಳೆಗಾಲ ಬೇರೆ, ಅಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಿಂದೆ ಸೂರಿನ ನೀರು ಅಂಗಳಕ್ಕೆ ಸುರಿಯುವ ಸದ್ದು. ಅದರ ನಡುವೆ ಗಂಟಲು ಸರಿ ಮಾಡಿಕೊಂಡು ಹೇಳಿದರು: "ಬರ್ಕೋ. ಬಳ್ಳು. ಗದ್ದೆ ಅಂಚಿನಲ್ಲಿ ಏಡಿ ಕೊರೆದ ಬಿಲ, ನೀರು ಸೋರುವ ಕಂಡಿ."

ನಾನು ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. ಗದ್ದೆ ಮಾಡಿದವರಿಗೆ ಗೊತ್ತು. ಅಂಚು ಕಡಿದು, ಹೊಸ ಕೆಸರು ಮೆತ್ತಿ, ನೆಟ್ಟಿ ಮುಗಿಸಿ ಮನೆಗೆ ಬಂದಿರುತ್ತೇವೆ. ರಾತ್ರಿ ಏಡಿ ಒಂದು ತೂತು ಕೊರೆದರೆ ಸಾಕು, ಬೆಳಿಗ್ಗೆ ಹೊತ್ತಿಗೆ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಯಲ್ಲಿ. ಅದನ್ನು ಮುಚ್ಚಲು ಕಂಬಳಿಕೊಪ್ಪೆ ಹಾಕಿಕೊಂಡು ಅಂಚಿನುದ್ದಕ್ಕೂ ಕಾಲಿನಲ್ಲಿ ಒತ್ತುತ್ತಾ ಹೋಗಬೇಕು. ದೊಡ್ಡಮ್ಮ ಜೀವನವಿಡೀ ಮಾಡಿದ ಕೆಲಸ ಅದು. ಆ ತೂತಿಗೆ ಒಂದು ಹೆಸರಿದ್ದಿದ್ದರೆ ಅದು ಬಳ್ಳು ಅಂತಲೇ ಇರಬೇಕಿತ್ತು! ಕಿಟೆಲ್ ಸಾಹೇಬರೇ ಎದ್ದು ಬಂದರೂ ಒಂದು ನಿಮಿಷ ಯೋಚನೆ ಮಾಡುತ್ತಿದ್ದರು.

ಪಟ್ಟಿ ಹಾಕಿದೆ. ಅಷ್ಟೇ, ಶುರುವಾಯಿತು. ಹೊಟ್ಟೆಯ ಸದ್ದಿಗೆ ನಗು, ಬಸ್ಸಿನ ಸೀಟಿಗೆ ನಗು, ಅದರ ಮೇಲೆ ಇನ್ನೊಂದು ಜೋಕು, ಅದಕ್ಕೊಂದು ಸ್ಟಿಕರ್. ಯಾರೂ ಉಳಿದ ಸಾಲುಗಳನ್ನು ಓದಲೇ ಇಲ್ಲ ಅಂತ ಕಾಣುತ್ತದೆ. ಓಟು ಹಾಕುವಾಗ "ಇದು ಸುಳ್ಳು ಅಂತ ಗೊತ್ತು, ಆದ್ರೂ ನಗಿಸಿದ್ದಕ್ಕೆ ನನ್ನ ಓಟು" ಅಂತ ಹೊಟ್ಟೆಯ ಸದ್ದಿಗೆ ಸಾಲುಸಾಲಾಗಿ ಓಟು. ನಿನ್ನೆ ಗೆದ್ದದ್ದೂ ಅದೇ. ದೊಡ್ಡಮ್ಮನ ಏಡಿ ಬಿಲಕ್ಕೆ ಒಂದೇ ಒಂದು ಓಟು.

ನನ್ನ ಸಿಟ್ಟು ಇರುವುದು ಇಲ್ಲಿ. ಜೋಕು ಬರೆಯುವವರು ತಮ್ಮ ಪಾಡಿಗೆ ಜೋಕು ಬರೆದು ಹೋಗುವುದಿಲ್ಲ. ಉಳಿದವರ ಆಟವನ್ನೂ ಕೆಡಿಸುತ್ತಾರೆ. ಎಂಟು ಅರ್ಥಗಳ ಪಟ್ಟಿಯಲ್ಲಿ ಮೂರು ಜೋಕು ಇದ್ದರೆ ಉಳಿಯುವುದು ಐದೇ. ನಿಜ ಅಡಗಿಕೊಳ್ಳುವ ಜಾಗ ಅಷ್ಟು ಕಡಿಮೆಯಾಯಿತು. ಕಷ್ಟಪಟ್ಟು ಬುರುಡೆ ಕಟ್ಟಿದವರು ಬೆತ್ತಲಾದರು. ಜೋಕಿಗೆ ಓಟು ಹಾಕಿದವರು ನಿಜವನ್ನು ಹುಡುಕಲೂ ಇಲ್ಲ, ಬುರುಡೆಗೆ ಬೀಳಲೂ ಇಲ್ಲ. ಹಾಗಾದರೆ ಅವರು ಆಡಿದ್ದು ಏನು?

"ಅಯ್ಯೋ, ದಿನವಿಡೀ ದುಡಿದು ಬಂದಿರ್ತೀವಿ, ಆಟ ಇರೋದೇ ನಗೋಕೆ ಅಲ್ವಾ" ಅಂತ ಒಬ್ಬರು ಬರೆದರು. ಅವರು ನನಗೆ ಬೇಕಾದವರೇ. ಆದರೂ ಹೇಳುತ್ತೇನೆ, ಈ ಆಟದಲ್ಲಿ ನಗು ಇರುವುದು ಬೇರೆ ಕಡೆ. ನೀವು ಪೂರ್ತಿ ನಂಬಿ ಓಟು ಹಾಕಿದ ಅರ್ಥ ನಿಮ್ಮ ಸ್ವಂತ ತಂಗಿ ಕೂತು ಹೊಸೆದದ್ದು ಅಂತ ಗೊತ್ತಾಗುವ ಆ ಕ್ಷಣ ಇದೆಯಲ್ಲ, ಅಲ್ಲಿ ನಗು ಉಕ್ಕುತ್ತದೆ. ಆ ನಗು ಬರಬೇಕಾದರೆ ಅಲ್ಲಿವರೆಗೆ ಯಾರೂ ನಗಬಾರದು. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳುವವರನ್ನು, ಅಂದರೆ ಕೌರವನಾಗಿ ಕೂತು ಮಾತಾಡುವವರನ್ನು ನೋಡಿ. ಕೌರವನದೇ ನ್ಯಾಯ ಅನ್ನುವ ಹಾಗೆ ಪಟ್ಟು ಹಿಡಿದು ಕೂರುತ್ತಾರೆ. ಅವರೇ ನಡುವೆ ಕಿಸಕ್ಕನೆ ನಕ್ಕರೆ ಎದುರಿನ ಕೃಷ್ಣ ಯಾರ ಜೊತೆ ವಾದ ಮಾಡಬೇಕು?

ಇದು ಇವತ್ತು ವಾಟ್ಸಾಪ್‌ನಲ್ಲಿ ಹುಟ್ಟಿದ ಆಟವೂ ಅಲ್ಲ. ಒಂದು ನಿಘಂಟು, ನಾಲ್ಕು ಚೀಟಿ ಇಟ್ಟುಕೊಂಡು ಜನ ಮನೆಯಲ್ಲಿ ಆಡುತ್ತಿದ್ದ ಆಟ. ಬಿಬಿಸಿಯಲ್ಲಿ 1965ರಲ್ಲಿ 'ಕಾಲ್ ಮೈ ಬ್ಲಫ್' ಅಂತ ಇದರದೇ ಕಾರ್ಯಕ್ರಮ ಶುರುವಾಯಿತು. ಒಂದು ತಂಡದ ಮೂವರು ಒಂದೇ ಪದಕ್ಕೆ ಮೂರು ಅರ್ಥ ಹೇಳಬೇಕು, ನಿಜ ಒಂದೇ, ಅದನ್ನು ಎದುರು ತಂಡ ಹಿಡಿಯಬೇಕು. 1984ರಲ್ಲಿ ಕೆನಡಾದವರು ಇದನ್ನು 'ಬಾಲ್ಡರ್‌ಡ್ಯಾಶ್' ಅಂತ ಡಬ್ಬಿಯಲ್ಲಿ ಹಾಕಿ ಮಾರಿದರು. ಇಷ್ಟು ವರ್ಷ ಇದು ಉಳಿದಿರುವುದು ಎದುರಿನವರನ್ನು ನಂಬಿಸುವ ಖುಷಿಯಿಂದ.

ಇನ್ನೊಂದು ಮಾತು ಬಂತು. "ನಮಗೆ ಅಷ್ಟೊಂದು ಕನ್ನಡ ಬರಲ್ಲ, ಅದಕ್ಕೇ ತಮಾಷೆ ಮಾಡ್ತೀವಿ" ಅಂತ. ಇದನ್ನು ನಾನು ಒಪ್ಪುವುದೇ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನ ಅಕ್ಕನ ಮಗ ನಮ್ಮ ಗುಂಪಿನ ದೊಡ್ಡ ಕಳ್ಳ. ಅವನು ಒಂದು ಗುಟ್ಟು ಕಂಡುಹಿಡಿದಿದ್ದಾನೆ. ನಿಘಂಟು ಜಂಬ ಮಾಡುವುದಿಲ್ಲ. ಎಷ್ಟೋ ಪದಗಳ ಮುಂದೆ "ಒಂದು ಬಗೆಯ ಹುಲ್ಲು", "ಒಂದು ಜಾತಿಯ ಮರ" ಅಂತ ಬರೆದು ಮುಗಿಸಿರುತ್ತದೆ. ಅವನೂ ಅಷ್ಟೇ, ಮುಂದೆ ನಾಮಪದ ಅನ್ನಲು ಒಂದು 'ನಾ' ಹಾಕಿ "ಒಂದು ಬಗೆಯ ಮೀನು" ಅಂತ ಬರೆಯುತ್ತಾನೆ. 'ಜೊನ್ನ' ಅಂತ ಪದ ಬಂದಾಗ ಅದನ್ನೇ ಬರೆದ. ಜೊನ್ನ ಅಂದರೆ ಬೆಳದಿಂಗಳು. ಅಷ್ಟು ಚೆಂದದ ಅರ್ಥ ಪಟ್ಟಿಯಲ್ಲೇ ಇತ್ತು. ಅದು ಯಾರೋ ಕವಿತೆ ಬರೆಯುವವರ ಬುರುಡೆ ಅಂತ ಬಿಟ್ಟು ಎಲ್ಲರೂ ಮೀನಿಗೆ ಬಿದ್ದರು. ನಾನೂ ಬಿದ್ದೆ, ಖುಷಿಯಿಂದ ಬಿದ್ದೆ. ಮೂರು ಪದದಲ್ಲಿ ಆ ಹುಡುಗ ಮಾಡಿದ್ದನ್ನು ನೀವೂ ಮಾಡಬಹುದು. ಕನ್ನಡ ಸಾಲದು ಅನ್ನಬೇಡಿ. ಮನಸ್ಸು ಕೊಡಿ ಅಷ್ಟೇ.

ನನಗೆ ಈ ಆಟ ಯಾಕೆ ಇಷ್ಟು ಮುಖ್ಯ ಅಂತ ಕೇಳುತ್ತೀರಿ. ಹೇಳಿಬಿಡುತ್ತೇನೆ. ಊರು ಬಿಟ್ಟು ಶಿವಮೊಗ್ಗಕ್ಕೆ ಬಂದ ಮೇಲೆ ನಮ್ಮವರ ಜೊತೆ ನನ್ನ ಮಾತು ಮದುವೆ, ತಿಥಿ, ಅಡಿಕೆ ರೇಟು ಇಷ್ಟಕ್ಕೇ ನಿಂತಿತ್ತು. ದೊಡ್ಡಮ್ಮನ ಹತ್ತಿರ "ಊಟ ಆಯ್ತಾ, ಮಳೆ ಹೇಗಿದೆ" ಬಿಟ್ಟರೆ ಬೇರೆ ಮಾತಿರಲಿಲ್ಲ. ಈ ಆಟ ಶುರುವಾದ ಮೇಲೆ ಅವರ ತಲೆಯೊಳಗೆ ಏನೇನಿದೆ ಅಂತ ನನಗೆ ಗೊತ್ತಾಯಿತು. ದಣಪೆ, ಸಂಕ, ಚೊಗರು, ಅಕ್ಕಚ್ಚು, ಹೀಗೆ ಊರಿನ ಹಳೆಯ ಮಾತುಗಳೆಲ್ಲ ಬಂದು ಅವರ ಬುರುಡೆಗಳಲ್ಲಿ ಕೂರುತ್ತವೆ. ಸುಮ್ನೆ "ಹಳೇ ಕಾಲದ್ದು ಏನಾದ್ರೂ ಹೇಳಿ ದೊಡ್ಡಮ್ಮ" ಅಂದರೆ ಅವರು ಒಂದು ಮಾತೂ ಆಡುವುದಿಲ್ಲ. ಒಬ್ಬರನ್ನು ಬೀಳಿಸಬೇಕು ಅಂತ ಹಟ ಬಂದಾಗ ಎಲ್ಲ ಹೊರಗೆ ಬರುತ್ತದೆ.

ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ನಂದು ಸರಿ ಆಗ್ಲಿಲ್ಲ ಕಾಣುತ್ತೆ ಮಾರಾಯ. ಮುಂದಿನ ಸಲ ನಾನೂ ಎಂತಾದ್ರೂ ತಮಾಷೆದೇ ಹೇಳ್ತೀನಿ" ಅಂದರು.

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವರು ತನಗೆ ಆಡಲು ಬರುವುದಿಲ್ಲ ಅಂದುಕೊಂಡರಲ್ಲ! ಜೋಕು ಬರೆದವರೇ, ಜೋಕಿಗೆ ಓಟು ಹಾಕಿದವರೇ, ಇದು ನಿಮ್ಮಿಂದ ಆದದ್ದು. ನೀವು ಕೆಟ್ಟವರಲ್ಲ ಅಂತ ನನಗೆ ಗೊತ್ತು. ಆದರೆ ಮಾಡಿದ್ದು ಸರಿಯಲ್ಲ.

ಹಾಗಾಗಿ ಶನಿವಾರದಿಂದ ನಾನು ಭಾಗವತನಾದ ರಾತ್ರಿ ಹೀಗೆ ನಡೆಸುತ್ತೇನೆ. ನಿಘಂಟಿನ ಮಾತಿನ ಹಾಗೆ ಕೇಳದ ಅರ್ಥವನ್ನು ಪಟ್ಟಿಗೆ ಹಾಕುವುದಿಲ್ಲ, ವಾಪಸ್ ಕಳಿಸುತ್ತೇನೆ, ಬೇರೆ ಬರೆದು ಕೊಡಿ. "ಸುಳ್ಳು ಅಂತ ಗೊತ್ತು" ಅಂತ ಹೇಳಿ ಹಾಕಿದ ಓಟನ್ನು ಎಣಿಸುವುದಿಲ್ಲ. ಪದ ಹಾಕುವುದು ಒಂಬತ್ತಕ್ಕೆ, ಅರ್ಥ ಕಳಿಸಲು ಒಂಬತ್ತೂಮುಕ್ಕಾಲಿನವರೆಗೆ ಸಮಯ. ಜೋಕು ಹೇಳಲೇಬೇಕು ಅನ್ನಿಸಿದರೆ ಫಲಿತಾಂಶ ಬಂದ ಮೇಲೆ ರಾತ್ರಿಯಿಡೀ ಹೇಳಿ, ನಾನೂ ಕೂತು ನಗುತ್ತೇನೆ.

ದೊಡ್ಡಮ್ಮನಿಗೆ ಫೋನಿನಲ್ಲೇ ಹೇಳಿದ್ದೇನೆ, ತಮಾಷೆ ಕಳಿಸಿದರೆ ನಿಮ್ಮದನ್ನೂ ವಾಪಸ್ ಕಳಿಸುತ್ತೇನೆ ಅಂತ. "ಹಂಗಾದ್ರೆ ಪದ ಸ್ವಲ್ಪ ಕಷ್ಟದ್ದೇ ಕೊಡು" ಅಂದಿದ್ದಾರೆ.