ಒಬ್ಬರಿಗೆ ಐದು ಮಕ್ಕಳು

"ಎರಡು ವರ್ಷದ ಕೂಸನ್ನ ಸಾಲಿಗೆ ಹಾಕೀರೇನು? ನನ್ನ ಕರಸ್ಕೊಂಡಿದ್ರ ನಾ ಬರತಿದ್ದಿಲ್ಲೇನು?" ಬ್ಯಾಡಗಿಯಿಂದ ಅವ್ವ ಫೋನಿನಲ್ಲಿ ಕೇಳಿದ್ದು ಇಷ್ಟೇ. ಎರಡು ದಿನ ಚುಚ್ಚುತ್ತಲೇ ಇತ್ತು.

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಎರಡು ಓಣಿ ದಾಟಿದರೆ ಪ್ರೈಮರಿ ಶಾಲೆ. ಇಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿ ಶಾಲೆಗಳಲ್ಲಿ ಕೋಣೆಗಳು ಖಾಲಿ ಬಿದ್ದಿವೆ. ಅವುಗಳಲ್ಲೇ 3,000 ನರ್ಸರಿ ತೆರೆಯುತ್ತೇವೆ ಅಂತ ಇಲ್ಲಿನ ಸರ್ಕಾರ 2024ರಲ್ಲಿ ಹೇಳಿತು. ಮೊದಲ ಸುತ್ತಿನಲ್ಲಿ 300 ಶಾಲೆಗಳಿಗೆ ತಲಾ 1,50,000 ಪೌಂಡ್‌ವರೆಗೆ ಕೊಟ್ಟಿತು. ನಮ್ಮ ಶಾಲೆಯಲ್ಲೂ ಒಂದು ಕೋಣೆಗೆ ಬಣ್ಣ ಬಳಿದು, ಮೊಣಕಾಲೆತ್ತರದ ನಲ್ಲಿ ಕೂರಿಸಿ ಬಾಗಿಲು ತೆರೆದರು.

ಎರಡನೇ ವಾರ ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಲ್ಲಿಸಿದರು. ಒಬ್ಬ ಟೀಚರ್ ಬಂದಿಲ್ಲ, ಬದಲಿ ಬರುವ ತನಕ ಕಾಯಿರಿ ಅಂದರು. ಎರಡು ವರ್ಷದ ಮಕ್ಕಳು ಐದಕ್ಕಿಂತ ಜಾಸ್ತಿ ಇದ್ದರೆ ಒಬ್ಬರೇ ನೋಡಿಕೊಳ್ಳುವ ಹಾಗಿಲ್ಲ, ಅದು ಕಾನೂನು. ನಮ್ಮ ಮಗಳು ಆರನೆಯವಳು. ಆಫೀಸಿಗೆ ತಡವಾಗುತ್ತಿತ್ತು, ಸಿಟ್ಟೂ ಬಂತು. ಒಂದೇ ಒಂದು ಕೂಸು, ಒಳಗೆ ಬಿಟ್ಟುಕೊಂಡರೆ ಏನಾಗುತ್ತಿತ್ತು?

ಆ ಇಪ್ಪತ್ತು ನಿಮಿಷದಲ್ಲೇ ಅವ್ವನ ಲೆಕ್ಕ ಹಾಕಿದೆ. ತಮ್ಮನ ಎರಡು ಮಕ್ಕಳು. ಮಗ್ಗಲು ಮನೆಯ ಒಂದು. ಬಾಡಿಗೆಯವರದೊಂದು, ಅವರಮ್ಮ ಬರುವ ತನಕ. ನಡುವೆ ರೊಟ್ಟಿ ಬಡಿಯಬೇಕು, ಹಾಲು ಕಾಯಿಸಬೇಕು, ಮಾಳಿಗೆ ಮೇಲಿನ ಮೆಣಸಿನಕಾಯಿಗೆ ಮಂಗ ಬಂದವೋ ನೋಡಬೇಕು. ವಯಸ್ಸು ಅರವತ್ತೆಂಟು, ಎರಡೂ ಮೊಣಕಾಲು ನೋವು. ಆಕೆಯ ಪಾಲಿಗೆ ಎಷ್ಟು ಮಕ್ಕಳು ಅಂತ ಯಾರೂ ಎಣಿಸಿಲ್ಲ. ನಾನೂ ಎಣಿಸಿರಲಿಲ್ಲ.

ನಮ್ಮಲ್ಲಿ ಕೂಸಿಗೆ ಮನೆ ತುಂಬ ಮಂದಿ ಅಂತೀವಿ. ಆ ಮಂದಿ ಅಂದರೆ ಒಬ್ಬ ಮುದುಕಿ, ಅಲ್ವಾ?

ಆ ಮುದುಕಿಯೂ ಇಲ್ಲದವರ ಗತಿ ಬೇರೆ. ಹೋದ ಸಲ ಬ್ಯಾಡಗಿಗೆ ಬಂದಾಗ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಪಕ್ಕದಲ್ಲೇ ಕೂಸುಗಳು ಕೂತಿದ್ದವು. ಘಾಟಿಗೆ ನನಗೇ ಕೆಮ್ಮು ನಿಲ್ಲಲಿಲ್ಲ. ಅಂಗನವಾಡಿಯಲ್ಲಿ ಕೂರಬೇಕೆಂದರೆ ಮೂರು ತುಂಬಬೇಕು. ಚಿಕ್ಕ ಕೂಸುಗಳನ್ನು ನೋಡಿಕೊಳ್ಳುವ ಸರ್ಕಾರಿ 'ಕೂಸಿನ ಮನೆ' ಶುರುವಾಗಿದ್ದು ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿಯವರ ಮಕ್ಕಳಿಗೆ. ಬ್ಯಾಡಗಿಯೋ ಪಂಚಾಯಿತಿಯಲ್ಲ, ಪುರಸಭೆಯ ಊರು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು ಅಂತ ಗೋಳಾಡುತ್ತೇವೆ, ಕೋಣೆಗೆ ಬೀಗ ಹಾಕುತ್ತೇವೆ. ಈ ಕೂಸುಗಳಿಗಾಗಿ ಆ ಬೀಗ ತೆಗೆಯಬಹುದು ಅಂತ ಯಾರಿಗೂ ಹೊಳೆಯುವುದಿಲ್ಲವಲ್ಲ, ಅದೇ ನನ್ನ ಸಿಟ್ಟು.

ಇಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಸರಿ ಇದೆ ಅಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಾರಕ್ಕೆ 30 ಗಂಟೆ ನರ್ಸರಿ ಪುಕ್ಕಟೆ, ಆದರೆ ವರ್ಷಕ್ಕೆ 38 ವಾರ ಮಾತ್ರ. ಅದೂ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ. ಊಟಕ್ಕೆ ಬೇರೆ ದುಡ್ಡು. ಬ್ಯಾಡಗಿಯಲ್ಲಿ ನಮ್ಮ ಓಣಿಯ ಅಂಗನವಾಡಿ ಅಕ್ಕೋರು ಸಂಬಳದ ಚೀಟಿ ಕೇಳುವುದಿಲ್ಲ, ಮನೆ ಬಾಗಿಲಿಗೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ, ಮೊಟ್ಟೆಯನ್ನೂ ಕೊಡುತ್ತಾರೆ.

ಹೋದ ವಾರ ಮಗಳಿಗೆ ಜ್ವರ. ಹನ್ನೊಂದಕ್ಕೆ ನರ್ಸರಿಯಿಂದ ಫೋನು: ಬಂದು ಕರೆದುಕೊಂಡು ಹೋಗಿ. ಹೆಂಡತಿ ಡ್ಯೂಟಿಯಲ್ಲಿದ್ದಳು, ನಾನು ಮೀಟಿಂಗ್ ಬಿಟ್ಟು ಓಡಿದೆ. ಸಂಜೆ ಅವ್ವನಿಗೆ ಹೇಳಿದೆ.

"ಜ್ವರ ಬಂದ್ರ ಇಟ್ಕೊಳ್ಳಂಗಿಲ್ಲೇನು ನಿಮ್ಮ ಸಾಲ್ಯಾಗ?"

"ಇಲ್ಲವ್ವಾ."

"ಹಟ್ಟಿಹಬ್ಬ ಮುಗೀಲಿ, ಟಿಕೀಟ್ ತಗಿ. ನಾ ಬರತೀನಿ."

ಹಾಗಾದರೆ ತಮ್ಮನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. "ತಡಿ, ಆಮ್ಯಾಲೆ ಮಾತಾಡ್ತೀನಿ" ಅಂದಳು.