ಚಂದ್ರ ಎಡಕ್ಕೆ, ಗ್ಲಾಸು ಬಲಕ್ಕೆ

ಮೊಬೈಲಿನಲ್ಲಿ ಮತ್ತದೇ ಜಾಹೀರಾತು. ಶನಿವಾರ ಸಂಜೆ, ಬೆಂಗಳೂರಿನ ಇಂದಿರಾನಗರ, ‘ಪೇಂಟಿಂಗ್ ನೈಟ್’. ಕ್ಯಾನ್ವಾಸು, ಬಣ್ಣ, ಏಪ್ರನ್ನು, ಒಂದು ಗ್ಲಾಸ್ ವೈನು ಎಲ್ಲ ಸೇರಿ ಎರಡು ಸಾವಿರದ ಹತ್ತಿರ. ‘ಅನುಭವ ಬೇಕಿಲ್ಲ’ ಅಂತ ದಪ್ಪಕ್ಷರದಲ್ಲಿ ಬೇರೆ. ಅನುಭವ ಕೇಳದೆ ಒಳಗೆ ಬಿಟ್ಟುಕೊಳ್ಳುವ ಜಾಗ ಅಂದರೆ ಇಷ್ಟು ದಿನ ರಾಜಕೀಯ ಒಂದೇ ಇತ್ತು. ಈಗ ಕಲೆಯೂ ಸೇರಿತು. ಸಂತೋಷ.

ವ್ಯವಸ್ಥೆ ಮಾತ್ರ ಅಚ್ಚುಕಟ್ಟು. ಇಪ್ಪತ್ತು ಜನ, ಇಪ್ಪತ್ತು ಕ್ಯಾನ್ವಾಸು, ಚಿತ್ರ ಒಂದೇ. ಪೆನ್ಸಿಲ್ ಗೆರೆಯನ್ನೂ ಮೊದಲೇ ಎಳೆದಿಟ್ಟಿರುತ್ತಾರೆ. ‘ಈಗ ಎಲ್ಲರೂ ಚಂದ್ರನ್ನ ಎಡಗಡೆ ಹಾಕಿ’ ಅಂದರೆ ಹಾಕಬೇಕು, ಅಷ್ಟೇ. ಬಣ್ಣ ಒಣಗುವ ತನಕ ಕಾಯುವವರು ಯಾರು? ಹೇರ್ ಡ್ರೈಯರ್ ಕೈಯಿಂದ ಕೈಗೆ ಓಡಾಡುತ್ತದೆ. ಮಾತಿನ ಭರದಲ್ಲಿ ಒಬ್ಬರು ಬ್ರಷ್ಷನ್ನು ವೈನಿಗೆ ಅದ್ದುತ್ತಾರೆ. ಪಕ್ಕದವರು ಬ್ರಷ್ ತೊಳೆದ ನೀರನ್ನು ತುಟಿಯ ತನಕ ಒಯ್ದು ಕಿರುಚುತ್ತಾರೆ. ಕೊನೆಗೆ ಅಂಚಿನ ಟೇಪನ್ನು ಮೆಲ್ಲಗೆ ಕೀಳುವ ಘಳಿಗೆ. ಎಲ್ಲರ ಮೊಬೈಲೂ ಮೇಲೆ. ಆ ಟೇಪಿಗಾಗಿಯೇ ಇಷ್ಟೆಲ್ಲ ಅಂತ ನನ್ನ ಗುಮಾನಿ.

ಡಚ್ ಚಿತ್ರಕಾರ ವ್ಯಾನ್ ಗೋನ ‘ಸ್ಟಾರಿ ನೈಟ್’ ಅಂದರೆ ಇಲ್ಲಿ ತುಂಬ ಇಷ್ಟ. 1889ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಆತ ಬರೆದದ್ದು. ಪಾಪ, ಅವನಿಗೆ ಹೇಳಿಕೊಡುವವರೂ ಇರಲಿಲ್ಲ, ಡಿಜೆಯೂ ಇರಲಿಲ್ಲ.

ಅದು ಬಿಟ್ಟರೆ ಕೆರೆ. ಬೆಳದಿಂಗಳು, ನೀಲಿ ನೀರು, ದಡದಲ್ಲಿ ಎರಡು ತೆಂಗಿನಮರ. ಯಾವ ಊರಿನ ಕೆರೆ ಸ್ವಾಮಿ ಇದು? ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಇಷ್ಟು ಬೇಗ ಮರೆತಿರಾ? 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ ಆರಿಸಲು ಸೈನಿಕರೇ ಬರಬೇಕಾಯ್ತು. ನಮ್ಮ ಕೆರೆಗೆ ನೀಲಿ ಯಾಕೆ? ಒಂದು ಬಕೆಟ್ ಬಿಳಿ ಕೊಡಿ, ಮೇಲೆ ಧಾರಾಳವಾಗಿ ಕಿತ್ತಳೆ. ನೀರಿಗೆ ಬೆಂಕಿ ಬರೆಯುವ ಯೋಗ ಎಷ್ಟು ಊರಿನ ಕಲಾವಿದರಿಗೆ ಉಂಟು? ಬೆಂಕಿ ಬೇಡ, ಹಳೇ ಕೆರೆಯೇ ಬೇಕು ಅನ್ನುವವರು ಧರ್ಮಾಂಬುಧಿ ಕೆರೆ ಬರೆಯಲಿ. ಕ್ಯಾನ್ವಾಸಿನ ತುಂಬ ಬಸ್ಸು ಬರೆದರೆ ಸಾಕು, ಈಗ ಅದರ ಹೆಸರು ಮೆಜೆಸ್ಟಿಕ್. ಸಂಪಂಗಿ ಕೆರೆ ಬೇಕಾದರೆ ಕಂಠೀರವ ಸ್ಟೇಡಿಯಂ ಬರೆಯಿರಿ. ನೀಲಿ ಡಬ್ಬಿ ತೆರೆಯುವ ಪ್ರಮೇಯವೇ ಇಲ್ಲ.

ಎಲ್ಲಿದ್ದೆ? ಹಾಂ, ಎರಡು ಸಾವಿರ. ತಾನೇ ಬಳಿದ ಸೊಟ್ಟ ಚಂದ್ರನಿಗೆ ಇಷ್ಟು ಕೊಡುವ ಉದಾರಿ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೂ ಬರುತ್ತಾನೆ. ಗುಲ್ಬರ್ಗದಿಂದ ರಾತ್ರಿ ಬಸ್ಸಿನಲ್ಲಿ ಚಿತ್ರ ಹೊತ್ತು ತಂದವನ ಮುಂದೆ ನಿಂತು, ‘ಲಾಸ್ಟ್ ಎಷ್ಟು?’ ಅಂತಾನೆ. ಐನೂರಕ್ಕೆ ಕೇಳಿ, ಸೆಲ್ಫಿ ತೆಗೆದುಕೊಂಡು, ಚುರುಮುರಿ ಗಾಡಿಯ ಕಡೆ ಹೋಗುತ್ತಾನೆ. ಅಲ್ಲಿ ಮಾತ್ರ ಚೌಕಾಸಿ ಇಲ್ಲ.

ಹಾಗಂತ ಆ ಹುಡುಗ ಹುಡುಗಿಯರನ್ನು ಪೂರ್ತಿ ಗೇಲಿ ಮಾಡುವುದಕ್ಕೂ ಮನಸ್ಸು ಬರುವುದಿಲ್ಲ. ‘ಫಸ್ಟ್ ಟೈಮ್ ಬ್ರಷ್ ಹಿಡೀತಿರೋದು’ ಅಂತಾರೆ ಮೂವತ್ತು ದಾಟಿದ ಇಂಜಿನಿಯರುಗಳು. ಹಿಡಿಯಲು ಬಿಟ್ಟವರು ಯಾರು? ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಅಂತ ಒಂದಿತ್ತು. ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ಅದನ್ನು ನುಂಗಿದರು. ಅವರು ಬಿಟ್ಟರೆ ವಿಜ್ಞಾನದವರು. ಡ್ರಾಯಿಂಗ್ ಮೇಷ್ಟ್ರಿಗೆ ಉಳಿದದ್ದು ವಾರ್ಷಿಕೋತ್ಸವದ ಬ್ಯಾನರ್ರು ಮತ್ತು ಬಿಇಒ ಸಾಹೇಬರು ಬಂದ ದಿನ ಬೋರ್ಡಿನ ಮೇಲೆ ‘ಸುಸ್ವಾಗತ’. ಮನೆಯಲ್ಲಿ ಮಗು ಬಣ್ಣದ ಪೆನ್ಸಿಲ್ ತೆಗೆದರೆ, ‘ಅದು ಅನ್ನ ಹಾಕುತ್ತಾ?’ ಅಂತ ಅಪ್ಪ ಕೇಳಿದ್ದೂ ಉಂಟು.

ಕಿತ್ತುಕೊಂಡ ಅದೇ ಪೀರಿಯಡ್ಡನ್ನು ಈಗ ಜಿಎಸ್‌ಟಿ ಕಟ್ಟಿ ಕೊಳ್ಳಬೇಕು. ಕೊಳ್ಳಲು ಕಾಸಿದ್ದವರು ಕೊಳ್ಳುತ್ತಾರೆ. ಹಳ್ಳಿಯ ಸರ್ಕಾರಿ ಶಾಲೆಯ ಮಗು ಎಲ್ಲಿಗೆ ಹೋಗಬೇಕು? ಎಷ್ಟೋ ಕಡೆ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಇದ್ದವರು ನಿವೃತ್ತರಾದರೆ ಆ ಕುರ್ಚಿಗೆ ಇನ್ನೊಬ್ಬರು ಬರುವುದಿಲ್ಲ. ಇತ್ತ ಚಿತ್ರಕಲೆಯಲ್ಲಿ ಡಿಗ್ರಿ ಮಾಡಿದ ಹುಡುಗಿ ಪಬ್ಬಿನ ಮೂಲೆಯಲ್ಲಿ ನಿಂತು, ಕುಡಿದವರಿಗೆ ಚಂದ್ರ ಎಡಕ್ಕೆ ಅಂತ ಹೇಳಿಕೊಡುತ್ತಿದ್ದಾಳೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಆ ಹುದ್ದೆ ತುಂಬಿ ಸ್ವಾಮಿ. ವಾರಕ್ಕೊಂದು ಪೀರಿಯಡ್ಡು, ಒಂದು ಡಬ್ಬಿ ಬಣ್ಣ. ವೈನು ಬೇಡ.