ಪಂಪ್ ಪಾಪದ್ದು ಮಾರಾಯ್ರೆ

ಡಿಶ್‌ವಾಷರ್ ತಳದಲ್ಲಿ ನೀರು ನಿಂತರೆ ಏನು ಮಾಡಬೇಕು ಅನ್ನುವ ಒಂದು ವೀಡಿಯೋ ಈಗಷ್ಟೇ ನೋಡಿ ಮುಗಿಸಿದೆ. ಮೂರನೇ ನಿಮಿಷಕ್ಕೆ ಮಷೀನು ಮಗುಚಿ ಮಲಗಿದೆ, ಐದಕ್ಕೆ ಹಳೇ ಪಂಪ್ ಹೊರಗೆ, ಎಂಟಕ್ಕೆ ಹೊಸದು ಒಳಗೆ. ನೀರು ಹೋಯಿತು, ಹಿನ್ನೆಲೆಯಲ್ಲಿ ಚಪ್ಪಾಳೆ ಸದ್ದು. ಫಿಲ್ಟರ್ ಎತ್ತಿ ನೋಡಿದ್ದು ಯಾವಾಗ ಅಂತ ಹಿಂದೆ ಮುಂದೆ ಓಡಿಸಿ ಹುಡುಕಿದೆ. ನೋಡಲೇ ಇಲ್ಲ! ಆದರೆ ನಡುವೆ ಡ್ರೈನ್ ಪೈಪ್ ಬಿಚ್ಚಿ ಕೊಡವಿದರಲ್ಲ, ಆಗ ಅದರೊಳಗಿಂದ ಜಿಡ್ಡಿನ ಉಂಡೆಯೊಂದು ಪುಳಕ್ಕನೆ ನೆಲಕ್ಕೆ ಬಿತ್ತು. ಕ್ಯಾಮೆರಾ ಕಂಡಿತು, ರಿಪೇರಿಯವರು ಕಾಣಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ನೀರಿನ ದಾರಿ ಅಂಥ ಬ್ರಹ್ಮವಿದ್ಯೆಯೇನೂ ಅಲ್ಲ. ಟಬ್‌ನ ತಳ, ಫಿಲ್ಟರ್, ಅದರಡಿಯ ಗುಂಡಿ, ಪಂಪ್, ಪಂಪಿನ ಬಾಯಲ್ಲಿ ಹೋದ ನೀರು ಮರಳದಂತೆ ತಡೆಯುವ ಒಂದು ರಬ್ಬರ್ ಕವಾಟ, ಆಮೇಲೆ ಸುರುಳಿಮೈಯ ಡ್ರೈನ್ ಪೈಪ್, ಕೊನೆಗೆ ಸಿಂಕ್ ಕೆಳಗಿನ ಬಾಗಿದ ಕೊಳವೆ, ಅಂದರೆ ಟ್ರ್ಯಾಪ್. ಏಳು ಜಾಗದಲ್ಲಿ ಪಂಪ್ ಒಂದೇ ಒಂದು. ಉಳಿದವನ್ನು ನೋಡಲು ಹೆಚ್ಚುಕಡಿಮೆ ಒಂದು ಟಾರ್ಚ್, ಕೈಗವಸು, ಚಮಚ, ಬಕೆಟ್ ಸಾಕು. ಆದರೂ ಎಲ್ಲರ ಬೆರಳು ಮೊದಲು ಹೋಗುವುದು ಪಂಪಿನ ಕಡೆಗೇ. ಮೋಟಾರು ಇದೆಯಲ್ಲ, ಹಾಳಾಗುವುದು ಅದೇ ಇರಬೇಕು ಅನ್ನುವ ತರ್ಕ.

ಅದಕ್ಕೂ ಮೊದಲು, ನೀರು ನಿಂತಿರುವುದು ದೋಷವೇ ಅಂತ ನೋಡಿ. ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಯಾವತ್ತೂ ಇರುತ್ತದೆ, ಇರಬೇಕು ಕೂಡ. ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡದಂತೆ ಕಾಯುವುದು ಅದೇ. ನೀರು ಫಿಲ್ಟರ್ ಮೇಲೆ ಬಂದು ಟಬ್‌ನ ತಳದಲ್ಲಿ ಹರಡಿಕೊಂಡಿದ್ದರೆ ಮಾತ್ರ ತೊಂದರೆ.

ತೊಂದರೆ ಇದೆ ಅಂತಾದರೆ ಪ್ಲಗ್ ಕಿತ್ತು ನಲ್ಲಿ ಮುಚ್ಚಿ. ಮಷೀನಿನ ಬಟನ್ ಆರಿಸಿದರೆ ಸಾಲದು, ಗೋಡೆಯಿಂದಲೇ ಪ್ಲಗ್ ಕೀಳಬೇಕು. ಅರ್ಧಕ್ಕೆ ನಿಂತ ತೊಳೆತವಾದರೆ ನೀರು ಕೈಸುಡುವಷ್ಟು ಬಿಸಿಯಿರುತ್ತದೆ, ಆರಲು ಬಿಡಿ. ನಿಂತ ನೀರನ್ನು ಲೋಟದಲ್ಲಿ ತೋಡಿ, ಉಳಿದದ್ದನ್ನು ಸ್ಪಂಜಿನಿಂದ ಹೀರಿ. ಫಿಲ್ಟರ್ ಎತ್ತುವುದು ಆಮೇಲೆ. ನೀರಿರುವಾಗಲೇ ಎತ್ತಿದರೆ ಅದು ಹಿಡಿದಿಟ್ಟ ಕಸವೆಲ್ಲ ತೇಲಿ ಸೀದಾ ಪಂಪಿನ ಬಾಯಿಗೆ ಹೋಗುತ್ತದೆ. ಹೆಚ್ಚಿನವುಗಳಲ್ಲಿ ಸಿಲಿಂಡರಿನಂಥ ಭಾಗವನ್ನು ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ಮೇಲೆ ಬರುತ್ತದೆ, ಅದರ ಅಡಿಯ ಚಪ್ಪಟೆ ಜಾಲರಿಯೂ ಹಿಂದೆಯೇ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ. ಜಾಲರಿಯ ಆಚೆ ಬೆಳಕು ಕಾಣದಿದ್ದರೆ ನಿಮ್ಮ ರೋಗನಿರ್ಣಯ ಬಹುಶಃ ಅಲ್ಲಿಗೇ ಮುಗಿಯಿತು. ಬೆಚ್ಚಗಿನ ನೀರು, ಮೃದು ಬ್ರಷ್ ಸಾಕು. ತಂತಿ ಬ್ರಷ್ ಹಾಕಿ ಉಜ್ಜಿದರೆ ಜಾಲರಿ ಹರಿಯುತ್ತದೆ, ಮುಂದೆ ಆ ಕಸ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಈಗ ಗುಂಡಿ. ಕೈಗವಸು ಹಾಕದೆ ಕೈ ಇಡಬೇಡಿ, ಒಡೆದ ಲೋಟದ ಚೂರು ಬಂದು ಕೂರುವ ಜಾಗವೇ ಅದು. ಅನೇಕ ಮಷೀನುಗಳಲ್ಲಿ, ಬಾಷ್‌ನಂಥವುಗಳಲ್ಲಂತೂ, ಗುಂಡಿಯೊಳಗೆ ಪಕ್ಕಕ್ಕೆ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಚಮಚದ ಹಿಡಿ ತೂರಿಸಿ ಮೀಟಿದರೆ ಬರುತ್ತದೆ. ಅದರ ಹಿಂದಿರುವುದೇ ಪಂಪಿನ ಪುಟ್ಟ ಫ್ಯಾನು, ಇಂಪೆಲ್ಲರ್. ಬೆರಳಿನಿಂದ ತಿರುಗಿಸಿ. ಸಲೀಸಾಗಿ ಗರಗರ ತಿರುಗದೆ ತಡೆತಡೆದು, ಜಿಗಿಜಿಗಿದು ತಿರುಗಿದರೆ ‘ಜಾಮ್ ಆಗಿದೆ’ ಅಂತ ಕೂಗಬೇಡಿ. ಒಳಗಿರುವುದು ಆಯಸ್ಕಾಂತದ ರೋಟರ್, ಅದರ ನಡಿಗೆಯೇ ಹಾಗೆ. ಈ ಒಂದು ಜಿಗಿತವನ್ನು ನೋಡಿ ಎಷ್ಟು ಒಳ್ಳೆಯ ಪಂಪುಗಳನ್ನು ಕಸದ ಬುಟ್ಟಿಗೆ ಎಸೆದಿದ್ದಾರೋ! ಸ್ವಲ್ಪವೂ ತಿರುಗದಿದ್ದರೆ ಮಾತ್ರ ಸಿಕ್ಕಿಕೊಂಡಿದೆ ಅಂತ ಅರ್ಥ: ಹಣ್ಣಿನ ಬೀಜ, ಗಾಜಿನ ಹರಳು, ಬಾಟಲಿಯಿಂದ ಕಳಚಿದ ಲೇಬಲ್, ಹಲ್ಲುಕಡ್ಡಿ, ಕೂದಲಿನ ಸಿಂಬಿ. ಇಕ್ಕಳದಲ್ಲಿ ಎಳೆದು ತೆಗೆಯಿರಿ. ಮುಚ್ಚಳವನ್ನು ಹಿಂದಕ್ಕೆ ಒತ್ತುವಾಗ ‘ಟಕ್’ ಅನ್ನಲೇಬೇಕು. ಅನ್ನದಿದ್ದರೆ ಪಂಪ್ ನೀರನ್ನು ತಳ್ಳುವ ಬದಲು ಅಲ್ಲೇ ಗಿರಕಿ ಹೊಡೆಸುತ್ತದೆ. ಬಾಷ್‌ನ ಪರದೆಯಲ್ಲಿ ಇ25 ಅನ್ನುವ ದೋಷಸೂಚನೆ ಬರುವುದಕ್ಕೆ ಸಿಕ್ಕಿಕೊಂಡ ಕಸ ಎಷ್ಟು ಕಾರಣವೋ ಸಡಿಲವಾದ ಈ ಮುಚ್ಚಳವೂ ಅಷ್ಟೇ ಕಾರಣ.

ಇಷ್ಟಾದ ಮೇಲೂ ನೀರು ಹೋಗದಿದ್ದರೆ ಬಕೆಟ್ ಪರೀಕ್ಷೆ. ಪಂಪ್ ಬಿಚ್ಚುವ ಮೊದಲು ಇದನ್ನು ಮಾಡದವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ಸಿಂಕ್ ಕೆಳಗೆ ಡ್ರೈನ್ ಪೈಪ್ ಟ್ರ್ಯಾಪಿಗೆ ಸೇರುವಲ್ಲಿ ಕ್ಲಿಪ್ ಸಡಿಲಿಸಿ ಎಳೆಯಿರಿ, ತುದಿಯನ್ನು ಬಕೆಟ್‌ಗೆ ಹಿಡಿಯಿರಿ. ಟಬ್‌ಗೆ ಮೂರ್ನಾಲ್ಕು ಲೀಟರ್ ನೀರು ಸುರಿದು, ಪ್ಲಗ್ ಹಾಕಿ, ಪ್ರೋಗ್ರಾಂ ರದ್ದು ಮಾಡಿ. ಅನೇಕ ಮಷೀನುಗಳಲ್ಲಿ ಸ್ಟಾರ್ಟ್ ಬಟನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ನೀರು ಹೊರಹಾಕಲು ಶುರು ಮಾಡುತ್ತದೆ. ಪೈಪಿನ ತುದಿ ಮೊದಲಿದ್ದ ಎತ್ತರದಲ್ಲೇ ಇರಲಿ. ನೆಲಕ್ಕೆ ಇಳಿಸಿದರೆ ಸುಸ್ತಾದ ಪಂಪೂ ಪಾಸಾಗಿಬಿಡುತ್ತದೆ. ಬಕೆಟ್‌ಗೆ ರಭಸವಾಗಿ ಬಿತ್ತೋ, ಮಷೀನು ನಿರಪರಾಧಿ. ತಪ್ಪು ಟ್ರ್ಯಾಪಿನದು. ಆ ಸೇರುವ ಕೊಳವೆಯ ಬಾಯಿಗೆ ಬೆರಳು ಹಾಕಿ ನೋಡಿ, ಜಿಡ್ಡು ಕಟ್ಟಿ ಪೆನ್ಸಿಲ್ ತೂರದಷ್ಟು ಸಣ್ಣಗಾಗಿರುತ್ತದೆ. ಹೊಸದಾಗಿ ಕೂರಿಸಿದ ಮಷೀನಾದರೆ ಇನ್ನೂ ತಮಾಷೆ: ಹೊಸ ಟ್ರ್ಯಾಪಿನ ಆ ಬಾಯಿಗೆ ಕಂಪನಿಯಲ್ಲೇ ಪ್ಲಾಸ್ಟಿಕ್ ಪೊರೆ ಇರುತ್ತದೆ, ಕತ್ತರಿಸಿ ತೆಗೆಯದೆ ಪೈಪ್ ಸಿಕ್ಕಿಸಿಬಿಟ್ಟಿರುತ್ತಾರೆ. ಸಿಂಕಿಗೆ ಕಸ ಅರೆಯುವ ಯಂತ್ರ ಇದ್ದರೆ ಅದರ ಬಾಯಲ್ಲೂ ಇಂಥದೇ ಬಿರಡೆ, ತಟ್ಟಿ ಬೀಳಿಸಬೇಕು. ಅದಕ್ಕೂ ಪಂಪ್ ಬದಲಿಸುವವರಿದ್ದಾರೆ ಅಂದರೆ ನಂಬಿ.

ಬಕೆಟ್‌ಗೂ ತೊಟ್ಟಿಕ್ಕಿದರೆ ಪೈಪ್ ನೋಡಿ. ಮಷೀನನ್ನು ಒಳಕ್ಕೆ ತಳ್ಳುವಾಗ ಹಿಂದೆ ಮಡಚಿಕೊಂಡಿರುವುದು ತೀರಾ ಸಾಮಾನ್ಯ. ಮಡಿಕೆ ಇಲ್ಲದಿದ್ದರೆ ಬಿಚ್ಚಿ ಬಿಸಿನೀರು ಹಾಯಿಸಿ. ಸದಾ 50 ಡಿಗ್ರಿ ಆಸುಪಾಸಿನ ಇಕೋ ಪ್ರೋಗ್ರಾಂ ಒಂದನ್ನೇ ಓಡಿಸುವ ಮಷೀನುಗಳಲ್ಲಿ ಜಿಡ್ಡು ಪೈಪಿನ ಸುರುಳಿಗಳೊಳಗೆ ಗಟ್ಟಿಯಾಗಿ ಕೂರುತ್ತದೆ. ಆಗೀಗ ಒಮ್ಮೆ 65–70 ಡಿಗ್ರಿಯದ್ದನ್ನೂ ಓಡಿಸಬೇಕು.

ನೀರು ಪೂರ್ತಿ ಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬಂದರೆ ಅದು ಬೇರೆಯೇ ಕಥೆ. ಒಂದೋ ರಬ್ಬರ್ ಕವಾಟ ಕಸಕ್ಕೆ ಸಿಕ್ಕಿ ಬಾಯಿ ಮುಚ್ಚುತ್ತಿಲ್ಲ, ಇಲ್ಲವೇ ಪೈಪನ್ನು ಸಿಂಕಿನ ಅಡಿಯಲ್ಲಿ ಎತ್ತರಕ್ಕೆ ಎತ್ತಿ ಕಟ್ಟಿಲ್ಲ. ಬಂದ ನೀರಿನಲ್ಲಿ ಸಿಂಕಿನ ವಾಸನೆ ಇದ್ದರೆ ಎರಡನೆಯದೇ.

ಒಳಗೆಲ್ಲ ನೊರೆ ತುಂಬಿದ್ದರೆ ಯಾರೋ ಕೈಯಲ್ಲಿ ತೊಳೆಯುವ ಸೋಪು ಹಾಕಿದ್ದಾರೆ. ಪಂಪ್ ನೀರನ್ನು ತಳ್ಳುತ್ತದೆ, ನೊರೆಯನ್ನಲ್ಲ. ಬಾಗಿಲು ತೆರೆದಿಟ್ಟು ಇಳಿಯಲು ಬಿಡಿ. ಇನ್ನು ಬ್ಲಾಕ್ ತೆಗೆಯಲು ಕಾಸ್ಟಿಕ್ ಪುಡಿ ಸುರಿಯಿರಿ ಅನ್ನುವ ಮಹಾನುಭಾವರಿಗೆ ಕೈಮುಗಿದೆ. ಅದು ಸೀಲುಗಳನ್ನು ತಿನ್ನುತ್ತದೆ. ಬ್ಲಾಕ್ ಹೋಗದಿದ್ದರೆ ಮುಂದೆ ಪೈಪ್ ಬಿಚ್ಚುವವರ ಮುಖಕ್ಕೆ ಸಿಡಿಯುತ್ತದೆ.

‘ಹಾಗಾದರೆ ಪಂಪ್ ಹಾಳಾಗುವುದೇ ಇಲ್ಲವಾ?’ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಆಗುತ್ತದೆ, ಮಾರಾಯ್ರೆ. ಆದರೆ ಹಾಳಾದ ಪಂಪ್ ತಾನೇ ಹೇಳುತ್ತದೆ, ಕಿವಿ ಕೊಡಬೇಕು ಅಷ್ಟೆ. ಗುಂಯ್ ಅಂದು ನೀರು ಕದಲದಿದ್ದರೆ ಏನೋ ಸಿಕ್ಕಿಕೊಂಡಿದೆ. ಹಗುರಾಗಿ ಸೊಯ್ಯನೆ ಓಡಿಯೂ ನೀರಿಲ್ಲದಿದ್ದರೆ ಇಂಪೆಲ್ಲರ್ ದಂಡದಿಂದ ಕಳಚಿರಬಹುದು. ಪೂರ್ತಿ ಮೌನವಾದರೆ ಮಾತ್ರ ಓಮ್ ಅಳೆಯುವ ಮಲ್ಟಿಮೀಟರ್ ಹೊರಗೆ ಬರಲಿ: ಪ್ಲಗ್ ಕಿತ್ತು, ಪಂಪಿನ ಕನೆಕ್ಟರ್ ಬಿಚ್ಚಿ ಅಳೆಯಿರಿ. 230 ವೋಲ್ಟಿನ ಮಾಮೂಲಿ ಸಿಂಕ್ರೊನಸ್ ಪಂಪ್ (ಆಗ ಹೇಳಿದ ಆಯಸ್ಕಾಂತದ ರೋಟರಿನದು) ಸುಮಾರು 100ರಿಂದ 200 ಓಮ್ ತೋರಿಸುತ್ತದೆ. ಮೀಟರ್ ಕದಲದಿದ್ದರೆ ಮೋಟಾರಿನ ತಂತಿಸುರುಳಿ ಹರಿದಿದೆ, ಬದಲಿಸಿ. ಓಮ್ ಸರಿಯಿದ್ದೂ ಮೌನವಾಗಿದ್ದರೆ ವಯರ್ ಅಥವಾ ಮಷೀನಿನ ಎಲೆಕ್ಟ್ರಾನಿಕ್ ಬೋರ್ಡ್ ಕಡೆ ಹೋಗಿ. ಎಲೆಕ್ಟ್ರಾನಿಕ್ಸ್ ನಡೆಸುವ ಬ್ರಷ್‌ಲೆಸ್ ಪಂಪುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಪರದೆಯ ಮೇಲಿನ ದೋಷಸೂಚನೆಗಳು, ಬಾಷ್‌ನ ಇ24, ಎಲ್‌ಜಿಯ ಓಇ, ಸ್ಯಾಮ್‌ಸಂಗ್‌ನ 5ಸಿ ಎಲ್ಲವೂ ಹೇಳುವುದು ‘ನೀರು ಹೋಗುತ್ತಿಲ್ಲ’ ಅಂತ. ‘ಪಂಪ್ ತನ್ನಿ’ ಅಂತ ಅಲ್ಲ.

ಒಪ್ಪಿಕೊಳ್ಳುತ್ತೇನೆ, ಸ್ಕ್ರೂಡ್ರೈವರ್ ಹಿಡಿದ ಕೈಗೆ ಫಿಲ್ಟರ್ ತೊಳೆಯುವುದು ಸಪ್ಪೆ ಕೆಲಸ. ಬೀಗದ ಕಡ್ಡಿ ಒತ್ತಿ ಕಾಲು ಸುತ್ತು ತಿರುಗಿಸಿದರೆ ಪಂಪ್ ಕೈಗೆ ಬರುತ್ತದಲ್ಲ, ಆ ಖುಷಿಗೆ ನಾನೂ ಹೊರತಲ್ಲ. ವೀಡಿಯೋದವರೇ, ಇದನ್ನು ಓದಿದರೆ ಆ ಹಳೇ ಪಂಪನ್ನು ಎಸೆಯಬೇಡಿ, ಒಮ್ಮೆ ಮೀಟರ್ ಹಿಡಿದು ನೋಡಿ. ಆಮೇಲೆ ನೆಲದ ಮೇಲಿನ ಆ ಉಂಡೆಯನ್ನೂ ಒರೆಸಿ, ಕಾಲು ಜಾರೀತು.